ಜೊತೆಯವರ ಖರ್ಚು

ತೆರಿಗೆ ಕಚೇರಿಯಿಂದ ಬಂದ ಕಾಗದವನ್ನು ಅವಳು ಹದಿನಾಲ್ಕು ದಿನಗಳಲ್ಲಿ ಕಡಿಮೆಯೆಂದರೂ ನಲವತ್ತು ಸಲ ಓದಿದ್ದಳು. ಎಷ್ಟು ಓದಿದರೂ ಅದರಲ್ಲಿದ್ದದ್ದು ಅಷ್ಟೇ. 'ಸಮ್ಮೇಳನಕ್ಕೆ ಹೋಗಿಬಂದ ಖರ್ಚನ್ನು ಆದಾಯದಲ್ಲಿ ಕಳೆದು ತೋರಿಸಿದ್ದೀರಿ, ಆ ಬಗ್ಗೆ ವಿಚಾರಣೆ ಇದೆ, ರಸೀದಿಗಳೊಂದಿಗೆ ಬನ್ನಿ' ಎಂಬಲ್ಲಿಯವರೆಗೆ ಏನೂ ತೊಂದರೆಯಿರಲಿಲ್ಲ. ಅದರ ಕೆಳಗಿನ ಸಾಲು ಅವಳ ನಿದ್ದೆ ಕೆಡಿಸಿತ್ತು. 'ಜೊತೆಯಲ್ಲಿ ಪ್ರಯಾಣ ಮಾಡಿದವರೂ ಹಾಜರಿರಬೇಕು.' ಜೊತೆಯಲ್ಲಿ ಪ್ರಯಾಣ ಮಾಡಿದವಳು ಅವಳೇ. ಗಂಡನ ಖರ್ಚಿನ ಲೆಕ್ಕ ಕೇಳಲಿ, ಬೇಡ ಅನ್ನುವವರು ಯಾರು? ತನ್ನನ್ನು ಯಾಕೆ ಕರೆಯಬೇಕು?

"ನಿಮ್ಮದೊಂದೇ ಹಾಕಿ ಅಂತ ಸಾವಿರ ಸಲ ಹೇಳಿದ್ದೆ. ನಂದೂ ಹಾಕಿಸಿದ್ರಾ?" ಎಂದು ಕೇಳಿದ್ದಳು.

"ಹಾಕಬೇಕಾದ್ದನ್ನ ಹಾಕಿಸಿದೀನಿ," ಎಂದಿದ್ದರು ಗಂಡ. ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡವರು ಹದಿನಾಲ್ಕು ದಿನವಾದರೂ ತೆಗೆದಿರಲಿಲ್ಲ. ಒಂದೊಂದು ಸಲ ಈ ಮನುಷ್ಯನನ್ನು ಹಿಡಿದು ಅಲ್ಲಾಡಿಸಿಬಿಡೋಣ ಅನ್ನಿಸುತ್ತಿತ್ತು ಅವಳಿಗೆ.

ಬೀದಿಯವರು ಅವರಿಗಿಟ್ಟ ಹೆಸರು ಮುಳ್ಳು ಮೇಷ್ಟ್ರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ತಕ್ಕಡಿ ರಿಪೇರಿ ಮಾಡುವವರು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಪಕ್ಕಕ್ಕೆ ನಿಂತರೂ ಸಾಕು, ತಂದ ಅಂಗಡಿಯವನನ್ನು ನಿಲ್ಲಿಸಿಕೊಂಡು ಅರ್ಧ ಗಂಟೆ ಕೊರೆಯುತ್ತಿದ್ದರು. ಔಷಧಿ ಅಂಗಡಿಯವರು, ಚಿನ್ನದ ಕೆಲಸದವರು, ಬೇಕರಿಯವರು ಎಲ್ಲರೂ ಬೈದುಕೊಳ್ಳುತ್ತ ಅವರ ಹತ್ತಿರವೇ ಬರುತ್ತಿದ್ದರು. ಅವರು ಮುದ್ರೆ ಒತ್ತಿಕೊಟ್ಟ ತಕ್ಕಡಿ ತಪ್ಪು ತೂಗುವುದಿಲ್ಲ ಎಂಬುದು ಇಡೀ ಪೇಟೆಗೆ ಗೊತ್ತಿತ್ತು.

ಮುದ್ರೆಯಲ್ಲೇ ಇತ್ತು ಫಜೀತಿ. ರಿಪೇರಿ ಮುಗಿದ ಮೇಲೆ ತಕ್ಕಡಿಯ ತಂತಿಗೊಂದು ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಅದರ ಮೇಲೆ ಮುದ್ರೆ ಒತ್ತಬೇಕು. ಒತ್ತುವ ಕೈ ಪರವಾನಗಿ ಪಡೆದವರದ್ದೇ ಆಗಿರಬೇಕು. ಬೇರೆ ಕೈ ಒತ್ತಿದೆ ಎಂದು ತೂಕ-ಅಳತೆ ಇಲಾಖೆಗೆ ಗೊತ್ತಾದರೆ ಪರವಾನಗಿ ಹೋಯಿತು, ಅದರ ಹಿಂದೆಯೇ ಅಂಗಡಿಯೂ ಹೋಯಿತು. ಮೇಷ್ಟ್ರ ಬಲಗೈ ನಡುಗಲು ಶುರುವಾಗಿ ನಾಲ್ಕು ವರ್ಷ. ಮೊದಮೊದಲು ಅವಳು ಸ್ಕ್ರೂ ಹಿಡಿದುಕೊಡುತ್ತಿದ್ದಳು, ಆಮೇಲೆ ತಾನೇ ತಿರುಗಿಸಿದಳು. ಸಣ್ಣ ತೂಕದ ಬಟ್ಟುಗಳನ್ನು ಬೆರಳಿನಿಂದ ಮುಟ್ಟಬಾರದು, ಬೆರಳಿನ ಬೆವರಿಗೂ ತೂಕವಿದೆ. ಅವನ್ನು ಚಿಮಟದಿಂದ ಎತ್ತಿ ಇಡುವ ಕೆಲಸ ಅವಳಿಗೆ ಬಂತು. ಕೊನೆಗೊಂದು ದಿನ ಮೇಷ್ಟ್ರು ಇಕ್ಕಳವನ್ನು ಅವಳ ಮುಂದಿಟ್ಟು, ಏನೂ ಹೇಳದೆ, ಬಾಗಿಲ ಕಡೆ ತಿರುಗಿ ಕೂತರು. ಅಂದಿನಿಂದ ಒತ್ತುತ್ತಿರುವುದು ಅವಳೇ. ಅಂಗಡಿಯಲ್ಲಿ ಒಂದು ಪರದೆ ಬಂತು. ಮುಂದೆ ಕೂತು ಮಾತಾಡುವುದು ಮೇಷ್ಟ್ರು, ಹಿಂದೆ ಕೂತು ಕೆಲಸ ಮಾಡುವುದು ಅವಳು. ಕೈ ನಡುಗುವುದು ಕಾಣದಿರಲೆಂದು ಮೇಷ್ಟ್ರು ಸದಾ ಬಲಗೈಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದರು. ಪಾಪ, ಮೇಷ್ಟ್ರಿಗೆ ಈಗೀಗ ದೊಡ್ಡಸ್ತಿಕೆ ಬಂದಿದೆ ಎಂದು ಬೇಕರಿಯವನು ನಗುತ್ತಿದ್ದ.

ಹೀಗಿರುವಾಗ ಬಂದದ್ದು ಆ ಸಮ್ಮೇಳನ. ತಕ್ಕಡಿ ರಿಪೇರಿಯವರೆಲ್ಲ ದೂರದ ಒಂದು ಊರಿನ ಹೋಟೆಲಿನಲ್ಲಿ ಎರಡು ದಿನ ಸೇರುವುದು, ಹೊಸ ಎಲೆಕ್ಟ್ರಾನಿಕ್ ತಕ್ಕಡಿಗಳನ್ನು ಬಿಚ್ಚಿ ಕಲಿಯುವುದು. ಎಲೆಕ್ಟ್ರಾನಿಕ್ ತಕ್ಕಡಿ ಕಲಿಯದಿದ್ದರೆ ಇನ್ನೆರಡು ವರ್ಷದಲ್ಲಿ ಅಂಗಡಿಗೆ ನೊಣವೂ ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೋದರು. ಮೇಷ್ಟ್ರ ಕೊರಳಿಗೆ ಸದಸ್ಯರ ನೀಲಿ ಚೀಟಿ ಬಿತ್ತು, ಅವಳ ಕೊರಳಿಗೆ 'ಜೊತೆಯವರು' ಎಂದು ಬರೆದ ಹಳದಿ ಚೀಟಿ. ಹಳದಿ ಚೀಟಿಯವರನ್ನು ಬಸ್ಸು ಹತ್ತಿಸಿ ಕೆರೆ, ತೋಟ ತೋರಿಸಲು ಕರೆದುಕೊಂಡು ಹೋದರು. ಅವಳು ಬಸ್ಸು ಹತ್ತದೆ, ಚೀಟಿಯನ್ನು ತಿರುವಿ ಹಾಕಿಕೊಂಡು, ಕೊನೆಯ ಸಾಲಿನಲ್ಲಿ ಗಂಡನ ಪಕ್ಕ ಕೂತು ಎರಡು ದಿನದಲ್ಲಿ ಒಂದು ನೋಟ್‌ಬುಕ್ ತುಂಬಿಸಿದಳು. ಮದುವೆಯಾದ ಮೇಲೆ ಅಷ್ಟು ಖುಷಿಯಾಗಿ ಎರಡು ದಿನ ಕಳೆದದ್ದು ಅವಳಿಗೆ ನೆನಪಿರಲಿಲ್ಲ.

ಈಗ ಆ ಖುಷಿಗೇ ಕಾಗದ ಬಂದಿತ್ತು.

ತೆರಿಗೆ ಕಚೇರಿಯ ಮೂರನೆಯ ಮಹಡಿಯಲ್ಲಿ ಗೋಡೆಗೆ ತಾಗಿಸಿದ ಉದ್ದ ಬೆಂಚು. ಅವರ ಚೀಟಿಯ ಸಂಖ್ಯೆ ಹನ್ನೊಂದು. ಒಳಗಿದ್ದ ಹತ್ತನೆಯವನು ಯಾವುದೋ ಸಮ್ಮೇಳನಕ್ಕೆಂದು ಹೊಲಿಸಿದ ಕೋಟಿನ ಖರ್ಚನ್ನು ಕಳೆಯಲು ಹೊರಟಿದ್ದ. ಅರ್ಧ ತೆರೆದ ಬಾಗಿಲಿನಿಂದ ಮಾತು ಕೇಳುತ್ತಿತ್ತು.

"ಈ ಕೋಟನ್ನ ಬೇರೆ ಎಲ್ಲೂ ಹಾಕಿಲ್ವಾ?" ಹೆಂಗಸಿನ ದನಿ, ಸೌಮ್ಯವಾಗಿತ್ತು.

"ಇಲ್ಲ ಮೇಡಂ."

"ಈಗ ಹಾಕಿಕೊಂಡು ಬಂದಿರೋದು ಯಾವುದು?"

ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಇಷ್ಟು ಸೌಮ್ಯವಾಗಿ ಹಿಡಿಯುವವರು ತನ್ನನ್ನು ಬಿಡುತ್ತಾರೆಯೇ? ಅವಳು ಕಣ್ಣು ಮುಚ್ಚಿ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಮತ್ತೆ ಒಪ್ಪಿಸಿಕೊಂಡಳು. ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ನನಗೇನೂ ಗೊತ್ತಿಲ್ಲ. ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ಪಕ್ಕದಲ್ಲಿ ಮೇಷ್ಟ್ರು ಬಲಗೈ ಜೇಬಿನಲ್ಲಿಟ್ಟು, ಎದುರಿನ ಗೋಡೆಯ ಕ್ಯಾಲೆಂಡರ್ ಸೊಟ್ಟಗೆ ನೇತಾಡುತ್ತಿರುವುದನ್ನು ದುರುಗುಟ್ಟಿ ನೋಡುತ್ತಿದ್ದರು.

"ಏನು ಬರೆಸಿದೀರಿ ಅಂತ ಈಗಲಾದ್ರೂ ಹೇಳ್ರೀ," ಎಂದು ಪಿಸುಗುಟ್ಟಿದಳು.

"ಸುಳ್ಳೇನೂ ಬರೆಸಿಲ್ಲ."

ಅವಳಿಗಿದ್ದ ಹೆದರಿಕೆಯೇ ಅದು. ಸುಳ್ಳು ಬರೆಸಿದ್ದರೆ ಹೇಗಾದರೂ ಸಂಭಾಳಿಸಬಹುದಿತ್ತು.

ಅಧಿಕಾರಿಗೆ ನಲವತ್ತರ ಮೇಲೆ ವಯಸ್ಸು. ಕನ್ನಡಕವನ್ನು ತಲೆಯ ಮೇಲೇರಿಸಿ ಅದನ್ನೇ ಮೇಜಿನ ಮೇಲೆ ಹುಡುಕುತ್ತಿದ್ದರು. ಇಬ್ಬರನ್ನೂ ಕೂರಿಸಿ, ಮೇಷ್ಟ್ರ ರಸೀದಿಗಳನ್ನು ಒಂದೊಂದಾಗಿ ನೋಡಿದರು. ಸಮ್ಮೇಳನದ ಶುಲ್ಕ, ರೈಲಿನ ಟಿಕೆಟ್ಟು, ಹೋಟೆಲಿನ ಬಿಲ್ಲು, ಎಲ್ಲ ತಾರೀಕಿನ ಪ್ರಕಾರ ಹಾಳೆಗೆ ಅಂಟಿಸಿದ್ದವು.

"ಇಷ್ಟು ಚೊಕ್ಕವಾಗಿ ಯಾರೂ ತರಲ್ಲ," ಎಂದರು. "ನಿಮ್ಮ ಖರ್ಚಿನ ಬಗ್ಗೆ ನಂದೇನೂ ತಕರಾರಿಲ್ಲ. ಕಸುಬಿನ ಸಮ್ಮೇಳನ, ಕಸುಬಿಗೆ ಬೇಕಾದ್ದು ಕಲಿತಿದೀರಿ, ಖರ್ಚು ಕಳೀಬಹುದು. ಇವರದ್ದೇ ಪ್ರಶ್ನೆ." ಅವಳ ಕಡೆ ನೋಡಿದರು. "ಹೆಂಡತಿ ಆಗಲಿ, ಗಂಡ ಆಗಲಿ, ಜೊತೆಗೆ ಬಂದವರ ಖರ್ಚು ಕಳೆಯೋಕೆ ಬರಲ್ಲ. ಅವರಿಗೂ ಅಲ್ಲಿ ಕಸುಬಿನ ಕೆಲಸ ಇತ್ತು ಅಂತಾದ್ರೆ ಮಾತ್ರ ಬರುತ್ತೆ. ಇತ್ತು ಅಂತ ನಿಮ್ಮ ಯಜಮಾನರು ಒಂದು ವಿವರಣೆ ಲಗತ್ತಿಸಿದಾರೆ. ನೋಡಿದೀರಾ?"

"ಇಲ್ಲ," ಎಂದಳು.

ಅಧಿಕಾರಿ ಕೊನೆಗೂ ತಲೆಯ ಮೇಲಿನ ಕನ್ನಡಕ ಇಳಿಸಿಕೊಂಡು ಓದಿದರು. "'ನಾಲ್ಕು ವರ್ಷಗಳಿಂದ ನನ್ನ ಅಂಗಡಿಯ ಎಲ್ಲ ಕೆಲಸ ಮಾಡುತ್ತಿರುವವಳು ನನ್ನ ಹೆಂಡತಿ. ನನ್ನ ಕೈ ಈಗ ಕೆಲಸಕ್ಕೆ ಬರುವುದಿಲ್ಲ. ತೂಕ ನೋಡುವಾಗ ಅವಳಷ್ಟು ನಿಖರವಾಗಿ ನಾನು ಒಳ್ಳೆಯ ದಿನಗಳಲ್ಲೂ ನೋಡಿದವನಲ್ಲ. ಸಮ್ಮೇಳನಕ್ಕೆ ಹೋಗಬೇಕಾಗಿದ್ದವಳು ಅವಳು. ಜೊತೆಯವನಾಗಿ ಹೋದವನು ನಾನು.'"

ಮುಗಿಯಿತು, ಅಂಗಡಿ ಮುಗಿಯಿತು, ಈ ಮುಳ್ಳು ಮನುಷ್ಯ ತನ್ನ ಕೈಯಾರೆ ಬಾಗಿಲು ಹಾಕಿಸಿದ ಎಂದು ಅವಳಿಗೆ ದಿಗಿಲಾಯಿತು. ಅದರ ಜೊತೆಗೇ, ನಾಚಿಕೆಯಾಗುವಷ್ಟು ಸಂತೋಷವೂ ಆಯಿತು. ಇನ್ನೊಂದು ಸಲ ಓದಿ ಎಂದು ಕೇಳಬೇಕೆನ್ನಿಸಿತು. ಅದನ್ನು ನುಂಗಿಕೊಂಡು ಬಾಯಿಪಾಠ ಒಪ್ಪಿಸಿದಳು.

"ಹಾಗೇನೂ ಇಲ್ಲ ಮೇಡಂ. ಇವರಿಗೆ ನನ್ನ ಮೇಲೆ ಅಭಿಮಾನ, ಏನೋ ಬರೆಸಿಬಿಟ್ಟಿದಾರೆ. ನಾನು ಸುಮ್ಮನೆ ಜೊತೆಗೆ ಹೋಗಿದ್ದೆ. ನನಗೇನೂ ಗೊತ್ತಿಲ್ಲ."

"ಹೌದಾ?" ಅಧಿಕಾರಿ ಮೇಷ್ಟ್ರ ಕಡೆ ತಿರುಗಿದರು. "ಹಾಗಾದ್ರೆ ನೀವು ಹೇಳಿ. ಎರಡು ದಿನದಲ್ಲಿ ಏನು ಕಲಿತ್ರಿ?"

ಮೇಷ್ಟ್ರು ಕೆಮ್ಮಿದರು. "ಎಲೆಕ್ಟ್ರಾನಿಕ್ ತಕ್ಕಡಿ ಪರೀಕ್ಷೆ ಮಾಡೋದು. ಸ್ವಿಚ್ಚು ಹಾಕೋದು, ಹಾಕಿದ ತಕ್ಷಣ ತಟ್ಟೆ ಮಧ್ಯೆ ಬಟ್ಟು ಇಟ್ಟು ನೋಡೋದು, ಸರಿ ಬಂದ್ರೆ ಮುಗೀತು."

"ಹಾಗಲ್ಲ ರೀ, ತಕ್ಷಣ ಇಡಬಾರದು," ಎಂದಳು ಅವಳು. "ಅರ್ಧ ಗಂಟೆ ಬಿಸಿಯಾಗೋಕೆ ಬಿಡಬೇಕು. ಮಧ್ಯೆ ಒಂದೇ ಕಡೆ ನೋಡಿದ್ರೆ ಏನು ಬಂತು, ಅದೇ ಬಟ್ಟನ್ನ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಬೇಕು. ಒಂದು ಮೂಲೇಲಿ ಕಮ್ಮಿ ತೋರಿಸಿದ್ರೆ ಆ ಕಡೆ…"

ಅಲ್ಲಿಗೆ ನಿಲ್ಲಿಸಿದಳು. ನಾಲಿಗೆ ಕಚ್ಚಿಕೊಂಡು ಪ್ರಯೋಜನವಿರಲಿಲ್ಲ. ಪರದೆಯ ಹಿಂದಿನಿಂದ ದಿನಕ್ಕೆ ಹತ್ತು ಸಲ 'ಹಾಗಲ್ಲ ರೀ' ಎಂದು ತಿದ್ದಿ ತಿದ್ದಿ ಅಭ್ಯಾಸವಾದ ಬಾಯಿ, ಹದಿನಾಲ್ಕು ದಿನದ ಬಾಯಿಪಾಠವನ್ನು ಒಂದೇ ಉಸಿರಿಗೆ ತೊಳೆದು ಹಾಕಿತ್ತು. ಮೇಷ್ಟ್ರು ನೆಲ ನೋಡುತ್ತಿದ್ದರು. ಬೇಕೆಂದೇ ತಪ್ಪು ಹೇಳಿದರೋ, ನಿಜಕ್ಕೂ ಮರೆತಿದ್ದರೋ ಅವಳಿಗೆ ಗೊತ್ತಾಗಲಿಲ್ಲ.

ಅಧಿಕಾರಿ ನಗಲಿಲ್ಲ. "ಇವರಿಗೆ ಸಂಬಳ ಎಷ್ಟು ಕೊಡ್ತೀರಿ?"

"ಸಂಬಳ ಇಲ್ಲ," ಎಂದರು ಮೇಷ್ಟ್ರು.

"ಅಂಗಡಿ ಪುಸ್ತಕದಲ್ಲಿ ಎಲ್ಲಾದ್ರೂ ಇವರ ಹೆಸರು?"

"ಇಲ್ಲ."

"ಈ ಹಾಳೆ ಬಿಟ್ಟು ಬೇರೆ ಎಲ್ಲೂ ಇಲ್ಲ?"

ಅಧಿಕಾರಿ ಹಾಳೆಯನ್ನು ಮೇಜಿನ ಮಧ್ಯೆ ಇಟ್ಟರು. "ನೋಡಿ, ನಾನು ತೆರಿಗೆಯವಳು. ಯಾರ ಕೈ ಕೆಲಸ ಮಾಡುತ್ತೆ, ಯಾರ ಕೈ ಮಾಡಲ್ಲ ಅನ್ನೋದು ನನಗೆ ಬೇಡದ ವಿಷಯ. ಆದ್ರೆ ವಿಚಾರಣೆ ಮುಗಿದ ಮೇಲೆ ಈ ಹಾಳೆ ಕಡತ ಸೇರುತ್ತೆ. ಪರವಾನಗಿ ನವೀಕರಣ ಬಂದಾಗ ತೂಕ-ಅಳತೆಯವರು ನಮ್ಮ ಕಡತ ತರಿಸ್ತಾರೆ. ನಿಮ್ಮದು ಯಾವಾಗ?"

"ಇನ್ನೆರಡು ತಿಂಗಳಿಗೆ," ಎಂದಳು ಅವಳು.

"ವಿಚಾರಣೆ ಮುಗಿಯೋ ತನಕ ವಿವರಣೆ ಬದಲಾಯಿಸೋಕೆ ಅವಕಾಶ ಇದೆ. ಹೊಸ ಹಾಳೆ ಕೊಟ್ರೆ ಹಳೇದನ್ನ ವಾಪಸ್ ಕೊಡ್ತೀನಿ. ಇವರ ಪಾಲಿನ ಖರ್ಚು ಕಳೆಯೋ ಹಾಗಿಲ್ಲ, ಅದರ ತೆರಿಗೆ ಕಟ್ಟಬೇಕಾಗುತ್ತೆ, ಅಷ್ಟೇ. ಯೋಚನೆ ಮಾಡಿ. ನಾನು ಹತ್ತು ನಿಮಿಷ ಬಿಟ್ಟು ಬರ್ತೀನಿ." ಅಧಿಕಾರಿ ಎದ್ದು, ಹೋಗುವಾಗ ಬಾಗಿಲನ್ನು ಪೂರ್ತಿ ಮುಚ್ಚಿಕೊಂಡು ಹೋದರು.

ಬಾಗಿಲು ಮುಚ್ಚಿದ್ದೇ ತಡ, ಅವಳು ತಿರುಗಿದಳು. "ಏನು ತಲೆ ಕೆಟ್ಟಿದೆಯೇನ್ರೀ ನಿಮಗೆ? ಪರದೆ ಕಟ್ಟಿ ನಾಲ್ಕು ವರ್ಷ ಉಸಿರು ಬಿಗಿಹಿಡಿದುಕೊಂಡು ಬದುಕಿದ್ದು ಇದಕ್ಕೇನಾ? ಬದಲಾಯಿಸಿ ಅದನ್ನ."

"ಬದಲಾಯಿಸಲ್ಲ. ಅದರಲ್ಲಿ ಒಂದು ಅಕ್ಷರ ಹೆಚ್ಚು ಕಮ್ಮಿ ಇಲ್ಲ."

"ಇದು ತಕ್ಕಡಿ ಅಲ್ಲ!"

"ಎಲ್ಲಾದ್ರೂ ಒಂದು ಕಡೆ ಬರೆದಿರಲಿ ಅಂತ ಬರೆಸಿದೆ," ಎಂದರು ಮೇಷ್ಟ್ರು. ದನಿ ಇಳಿದಿತ್ತು. "ನಾಳೆ ನಾನಿಲ್ಲದಿದ್ರೆ ನೀನು ಪರವಾನಗಿ ಕೇಳಬೇಕಾಗುತ್ತೆ. ಇಷ್ಟು ವರ್ಷ ಕೆಲಸ ಮಾಡಿದ್ದಕ್ಕೆ ದಾಖಲೆ ಎಲ್ಲಿ ಅಂತಾರೆ. ಏನು ತೋರಿಸ್ತೀಯ? ಪರದೆ ತೋರಿಸ್ತೀಯಾ? ಸರ್ಕಾರದ ಕಾಗದದಲ್ಲಿ ಇದ್ರೆ ಯಾರೂ ಇಲ್ಲ ಅನ್ನೋಕಾಗಲ್ಲ."

"ಅದೇ ದಾಖಲೆ ಮೊದಲು ನಿಮ್ಮ ಪರವಾನಗಿ ನುಂಗುತ್ತೆ. ನಿಯಮ ಮುರಿದವಳು ಅಂತ ಆಮೇಲೆ ನನಗೂ ಕೊಡಲ್ಲ."

ಕೂದಲೆಳೆಯ ವ್ಯತ್ಯಾಸ ಹಿಡಿಯುವ ಮನುಷ್ಯನಿಗೆ ಈ ಇಷ್ಟು ದೊಡ್ಡ ಸಂಗತಿ ಹೊಳೆದೇ ಇರಲಿಲ್ಲ. ಮುಖ ಬಿಳುಚಿಕೊಂಡಿತು. ಅದನ್ನು ನೋಡಿ ಅವಳ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಸಿಟ್ಟಿನ ಅಡಿಯಲ್ಲಿ ಬೇರೊಂದು ಕುದಿಯುತ್ತಿತ್ತು.

"ಇಷ್ಟು ವರ್ಷ ನನ್ನೆದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ತೆರಿಗೆಯವರಿಗೆ ಹೇಳೋಕೆ ಬಂತಾ?"

"ನಿನಗೇನು ಹೇಳೋದು? ನಿನಗೆ ಗೊತ್ತಿಲ್ವಾ?"

"ಗೊತ್ತಿದ್ರೂ ಹೇಳಬೇಕು ರೀ," ಎಂದಳು. ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡಳು. ಅಧಿಕಾರಿ ಬರುವ ಹೊತ್ತಾಗಿತ್ತು.

ಅಧಿಕಾರಿ ಬಂದು ಕೂತಾಗ ಮೇಷ್ಟ್ರು ಹೇಳಲಿ ಎಂದು ಅವಳು ಸ್ವಲ್ಪ ಕಾದಳು. ಅವರಿಂದ ಆಗಲಿಲ್ಲ. ಅವಳೇ ಹೇಳಿದಳು. "ಹೊಸದು ಬರೀರಿ ಮೇಡಂ. ಹೆಂಡತಿ ಸುಮ್ಮನೆ ಜೊತೆಗೆ ಬಂದಿದ್ದಳು ಅಂತ."

ಅಧಿಕಾರಿ ಟೈಪು ಮಾಡತೊಡಗಿದರು. "ಜೊತೆಯವರಿಗೆ ಕೆರೆ, ತೋಟ ತೋರಿಸೋ ಕಾರ್ಯಕ್ರಮ ಇತ್ತು ಅಂತ ಸಮ್ಮೇಳನದ ರಸೀದೀಲಿದೆ. ಹೋಗಿದ್ರಿ ಅಂತ ಹಾಕಲಾ?"

"ಹಾಕಿ. ಹೋಗಿದ್ದೆ."

"ಚೆನ್ನಾಗಿತ್ತಾ?" ತಲೆ ಎತ್ತದೆ ಕೇಳಿದರು.

"ಚೆನ್ನಾಗಿತ್ತು. ದೊಡ್ಡ ಕೆರೆ. ನೀರು ತುಂಬಿತ್ತು," ಎಂದಳು ಅವಳು. ಕಾಣದ ಕೆರೆಯನ್ನು ಹೊಗಳುವಾಗ, ತುಂಬಿದ ನೋಟ್‌ಬುಕ್ಕಿನ ಹಾಳೆಗಳನ್ನು ತಾನೇ ಒಂದೊಂದಾಗಿ ಕಿತ್ತು ಕೊಟ್ಟ ಹಾಗೆ ಸಂಕಟವಾಯಿತು. ಪಕ್ಕದಲ್ಲಿ ಮೇಷ್ಟ್ರು ಕುರ್ಚಿಯಲ್ಲಿ ಒಮ್ಮೆ ಅಲ್ಲಾಡಿದರು.

"ಮುಂದಿನ ತಿಂಗಳಿಂದ ಇವರಿಗೆ ಸಂಬಳ ಬರೆಯೋಕೆ ಶುರು ಮಾಡಿ," ಎಂದರು ಅಧಿಕಾರಿ, ಟೈಪು ಮಾಡುತ್ತಲೇ. "ಸಹಾಯಕಿ ಅಂತ. ಅದಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ."

"ಸಹಾಯಕಿ!" ಎಂದರು ಮೇಷ್ಟ್ರು, ಯಾರೋ ಕಾಲು ಕೆಜಿ ಕಡಿಮೆ ತೂಗಿದ್ದನ್ನು ಕಣ್ಣಾರೆ ಕಂಡವರಂತೆ. ಅವಳು ಮೇಜಿನ ಕೆಳಗೆ ಅವರ ಕಾಲು ತುಳಿದಳು. ಸುಮ್ಮನಾದರು.

ಹೊಸ ಹಾಳೆ ಬಂತು. ಕೆಳಗೆ ಮೇಷ್ಟ್ರ ಸಹಿ ಬೇಕಿತ್ತು, ಅಧಿಕಾರಿಯ ಕಣ್ಣೆದುರಿಗೇ. ಜೇಬಿನಿಂದ ಬಲಗೈ ಹೊರಗೆ ಬಂತು. ಪೆನ್ನಿನ ತುದಿ ಹಾಳೆಯ ಮೇಲೆ ಟಕಟಕ ಕುಣಿಯಿತು. ಅಂಗಡಿಯಲ್ಲಾಗಿದ್ದರೆ ಅವಳು ಮಣಿಕಟ್ಟು ಹಿಡಿಯುತ್ತಿದ್ದಳು, ಹಿಡಿದರೆ ಸ್ವಲ್ಪ ನಿಲ್ಲುತ್ತಿತ್ತು. ಇಲ್ಲಿ ಹಿಡಿಯುವ ಹಾಗಿಲ್ಲ. ಏನೂ ಗೊತ್ತಿಲ್ಲದೆ ಕೆರೆ ನೋಡಿ ಬಂದ ಹೆಂಡತಿ ಗಂಡನ ಮಣಿಕಟ್ಟು ಯಾಕೆ ಹಿಡಿಯುತ್ತಾಳೆ? ಎರಡೂ ಕೈಗಳನ್ನು ಮಡಿಲಲ್ಲಿ ಹೆಣೆದು, ಉಗುರು ಊರುವಷ್ಟು ಬಿಗಿದು ಕೂತಳು. ಮೊದಲ ಅಕ್ಷರವೇ ಗೆರೆಯಿಂದ ಕೆಳಗೆ ಜಾರಿತು.

"ಆ ಪೆನ್ನು ಸರಿಯಿಲ್ಲ," ಎಂದರು ಅಧಿಕಾರಿ. ಡ್ರಾಯರಿನಿಂದ ದಪ್ಪನೆಯ ಬೇರೊಂದು ಪೆನ್ನು ತೆಗೆದುಕೊಟ್ಟು, ಕುರ್ಚಿ ತಿರುಗಿಸಿ ಕಪಾಟಿನಲ್ಲಿ ಏನನ್ನೋ ಹುಡುಕತೊಡಗಿದರು. ಬಹಳ ಹೊತ್ತು ಹುಡುಕಿದರು. ಅವಳು ತಟ್ಟನೆ ಗಂಡನ ಮಣಿಕಟ್ಟು ಹಿಡಿದಳು. ಸಹಿ ಮುಗಿಯಿತು. ಅಧಿಕಾರಿ ತಿರುಗುವಷ್ಟರಲ್ಲಿ ಅವಳ ಕೈ ಮಡಿಲು ಸೇರಿತ್ತು.

ಕಟ್ಟಬೇಕಾದ ತೆರಿಗೆಯ ಚೀಟಿ ಕೊಟ್ಟರು. ಎರಡು ತಿಂಗಳ ಅಂಗಡಿ ಬಾಡಿಗೆಯಷ್ಟಾಗಿತ್ತು. ಆಮೇಲೆ ಹಳೆಯ ಹಾಳೆಯನ್ನು ಮೇಷ್ಟ್ರಿಗಲ್ಲ, ಅವಳ ಕೈಗೇ ಕೊಟ್ಟು, ಹನ್ನೆರಡನೆಯವರನ್ನು ಕರೆದರು.

ಮೆಟ್ಟಿಲಿಳಿಯುವಾಗ ಮೇಷ್ಟ್ರು ಎರಡು ಸಲ ನಿಂತರು. "ಹರಿದು ಹಾಕು ಅದನ್ನ," ಎಂದರು. "ಯಾರ ಕೈಗಾದ್ರೂ ಸಿಕ್ಕೀತು. ನಾನು ಬುದ್ಧಿಯಿಲ್ಲದೆ ಬರೆಸಿದ್ದು."

"ಇಲ್ಲಿ ಹರಿದ್ರೆ ಯಾರಾದ್ರೂ ಜೋಡಿಸಿ ಓದ್ತಾರೆ. ಮನೆಗೆ ಹೋಗಿ ಒಲೆಗೆ ಹಾಕ್ತೀನಿ."

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟಿನಲ್ಲಿ ಜಾಗ ಸಿಕ್ಕಿತು. ಅವಳು ಹಾಳೆಯಿಟ್ಟ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದಳು. ಪ್ರತಿ ನಿಲ್ದಾಣದಲ್ಲಿ ಜನ ಹತ್ತಿ ಇಳಿದಾಗಲೂ ಚೀಲದ ಜಿಪ್ಪು ಮುಟ್ಟಿ ನೋಡಿಕೊಂಡಳು. ಆ ಹಾಳೆ ಬೇಡದವರ ಕಣ್ಣಿಗೆ ಬಿದ್ದರೆ ಎಲ್ಲವೂ ಹೋದಂತೆ ಎಂದು ಅವಳಿಗೆ ಮೇಷ್ಟ್ರಿಗಿಂತ ಚೆನ್ನಾಗಿ ಗೊತ್ತಿತ್ತು. ಅಕ್ಕಿ ಡಬ್ಬದ ಅಡಿಯಲ್ಲಿಟ್ಟರೆ? ಅಲ್ಲಿ ಹುಳ ಬೀಳುತ್ತದೆ. ಹಾಸಿಗೆಯ ಕೆಳಗೆ ಇಟ್ಟರೆ ಮೊದಲು ಅಲ್ಲೇ ನೋಡುತ್ತಾರೆ. ಮನೆಯ ಒಂದೊಂದೇ ಮೂಲೆಯನ್ನು ನೆನೆದು, ಒಂದನ್ನೂ ನಂಬಲಾಗದೆ, ಮತ್ತೆ ಮೊದಲಿನಿಂದ ಶುರುಮಾಡಿದಳು.

"ಮರೀದೆ ಸುಟ್ಟು ಹಾಕ್ತೀಯ ತಾನೆ?" ಎಂದರು ಮೇಷ್ಟ್ರು, ಕಿಟಕಿಯ ಕಡೆ ನೋಡುತ್ತ.

"ಹೂಂ, ಹೋದ ತಕ್ಷಣ," ಎಂದಳು. ಬೆಳಗಿನಿಂದ ಅವಳು ಹೇಳಿದ ಸುಳ್ಳುಗಳಲ್ಲಿ ಇದೊಂದನ್ನು ಮಾತ್ರ ತನಗೋಸ್ಕರ ಹೇಳಿದ್ದಳು.